ಸಂಘದ ಡೊಮೇನ್ ಯಾರ ಹೆಸರಿನಲ್ಲಿರಬೇಕು?



ಕಳೆದ ತಿಂಗಳು ನಮ್ಮ ಜಾಲತಾಣ ಒಂಬತ್ತು ದಿನ ತೆರೆಯಲಿಲ್ಲ. ಅನೇಕರು ಫೋನ್ ಮಾಡಿ ವಿಚಾರಿಸಿದಿರಿ. ಡೊಮೇನ್ ಹೆಸರಿನ ಅವಧಿ ಮುಗಿದಿತ್ತು. ಅದನ್ನು ನೋಂದಾಯಿಸಿದ್ದ ನಮ್ಮ ಯುವ ಸದಸ್ಯರು ಕೆಲಸದ ಮೇಲೆ ದೂರ ಹೋಗಿದ್ದಾರೆ. ನವೀಕರಣದ ಸೂಚನೆಗಳೆಲ್ಲ ಅವರು ಈಗ ನೋಡದ ಹಳೆಯ ಇಮೇಲಿಗೆ ಹೋಗುತ್ತಿದ್ದವು. ಅವರನ್ನು ದೂರಬೇಡಿ. ಇಷ್ಟು ವರ್ಷ ಕೈಯಿಂದ ಹಣ ಕಟ್ಟಿದವರು ಅವರೇ. ಎಲ್ಲವನ್ನೂ ಅವರೊಬ್ಬರಿಗೇ ಬಿಟ್ಟ ತಪ್ಪು ನಮ್ಮದು.

ಡೊಮೇನನ್ನು ಶಾಶ್ವತವಾಗಿ ಕೊಳ್ಳಲು ಬರುವುದಿಲ್ಲ. ಒಂದರಿಂದ 10 ವರ್ಷದವರೆಗೆ ನೋಂದಾಯಿಸಿ, ಮತ್ತೆ ನವೀಕರಿಸುತ್ತಿರಬೇಕು. ನೋಂದಣಿದಾರರೆಂದು ಯಾರ ಹೆಸರಿದೆಯೋ ಹಕ್ಕು ಅವರದು. ಹೊಸೂರಿನ ಪಟ್ಟಾ ಇರಲಿ, ಸೊಲ್ಲಾಪುರದ ಸಾತ್‌ಬಾರಾ ಉತಾರೆ ಇರಲಿ, ಕಾಗದದಲ್ಲಿ ಯಾರ ಹೆಸರಿದೆ ಎಂದೇ ಮೊದಲು ಕೇಳುವುದಲ್ಲವೇ? ಇದೂ ಹಾಗೆಯೇ.

ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ ಕೆಲವು ದಿನ ಮಾಮೂಲಿ ಶುಲ್ಕಕ್ಕೇ ನವೀಕರಿಸಬಹುದು. ನಾವು ಪಾರಾದದ್ದು ಹೀಗೆ. ಡಾಟ್ ಕಾಮ್, ಡಾಟ್ ಆರ್ಗ್ ಹೆಸರು ರದ್ದಾದರೆ ಇನ್ನೂ 30 ದಿನ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಅದೂ ದಾಟಿ 5 ದಿನ ಕಳೆದರೆ ಯಾರು ಬೇಕಾದರೂ ಆ ಹೆಸರನ್ನು ಪಡೆಯಬಹುದು. ನಮ್ಮ ಹೆಸರಿನಲ್ಲಿ ಜೂಜಿನ ಜಾಹೀರಾತು ಬಂದರೂ ಕೇಳುವಂತಿಲ್ಲ.

ಬ್ಯಾಂಕಿನ ಜಂಟಿ ಖಾತೆಯಂತೆ ಇಬ್ಬರು ಮೂವರನ್ನು ನೋಂದಣಿದಾರರಾಗಿ ಸೇರಿಸುವ ವ್ಯವಸ್ಥೆ ಇಲ್ಲಿಲ್ಲ. ಆದ್ದರಿಂದ ನಾವು ಕೈಗೊಂಡ ಕ್ರಮ ಇದು:

1. ನೋಂದಣಿದಾರರ ಜಾಗದಲ್ಲಿ ವ್ಯಕ್ತಿಯ ಬದಲು ಸಂಘದ ಹೆಸರು.
2. ಸಂಪರ್ಕಕ್ಕೆ ಸಂಘದ್ದೇ ಇಮೇಲ್. ಅದು ನಮ್ಮ ಡೊಮೇನಿನ ವಿಳಾಸವಾಗಿರಬಾರದು. ಡೊಮೇನ್ ನಿಂತರೆ ಅದೂ ನಿಲ್ಲುತ್ತದೆ.
3. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರಿಗೂ ಖಾತೆಯ ಪ್ರವೇಶ. ಒಟಿಪಿ ಒಬ್ಬರ ಮೊಬೈಲಿಗೆ ಮಾತ್ರ ಬರುವಂತಿರಬಾರದು.
4. ಶುಲ್ಕ ಸಂಘದ ಖಾತೆಯಿಂದ. ಮುಕ್ತಾಯದ ದಿನಾಂಕ ಖಜಾಂಚಿಯವರ ಲೆಕ್ಕದ ಪುಸ್ತಕದಲ್ಲಿ.
5. ಪದಾಧಿಕಾರಿಗಳು ಬದಲಾದಾಗ ಬೀರುವಿನ ಕೀಲಿ, ಪಾಸ್‌ಬುಕ್ಕಿನ ಜೊತೆ ಇದೂ ಚಾರ್ಜ್ ಪಟ್ಟಿಯಲ್ಲಿ.

ನಿಮ್ಮ ಊರಿನ ಬಳಗ ಇನ್ನೂ ನೋಂದಣಿಯಾಗಿಲ್ಲದೆ ಡೊಮೇನ್ ಒಬ್ಬರ ಹೆಸರಿನಲ್ಲಿದ್ದರೆ, ಅವರು ಅದನ್ನು ಬಳಗದ ಪರವಾಗಿ ಇಟ್ಟುಕೊಂಡಿದ್ದಾರೆ ಎಂದು ನಡಾವಳಿ ಪುಸ್ತಕದಲ್ಲಿ ಠರಾವು ಬರೆದು, ಅವರ ಸಹಿ ಪಡೆಯಿರಿ. ಇದು ಅಪನಂಬಿಕೆಯಲ್ಲ. ನಾಳೆ ಅವರ ಮನೆಯವರಿಗೂ ತೊಂದರೆ ತಪ್ಪುತ್ತದೆ.

ಗಡಿಯಾಚೆಯ ನಮ್ಮ ಊರುಗಳ ಕಾರ್ಯಕ್ರಮಗಳ ಫೋಟೋ, ವರದಿಗಳನ್ನು ಜನ ಹುಡುಕಿಕೊಂಡು ಬರುವುದು ಈ ಹೆಸರಿನಿಂದಲೇ. ನಿಮ್ಮದು ಯಾರ ಹೆಸರಿನಲ್ಲಿದೆ, ಯಾವಾಗ ಮುಗಿಯುತ್ತದೆ ಎಂದು ಇಂದೇ ಒಮ್ಮೆ ನೋಡಿ.

ಇಂತು,
ಕಾರ್ಯದರ್ಶಿ