ನೀರಿನ ಮೇಲೆ ನಿಲ್ಲುವ ಮುನ್ನ

ಕಳೆದ ಕಾರ್ತಿಕದಲ್ಲಿ ಕೈವಾರದ ನಮ್ಮ ಚಿಕಿತ್ಸಾಲಯಕ್ಕೆ ತಾಯಿ ಮತ್ತು ಮಗ ಬಂದಿದ್ದರು. ತಾಯಿಗೆ ಮಂಡಿನೋವು. ಔಷಧ ಪಡೆದು ಏಳುವಾಗ ಆಕೆ ಮಗನತ್ತ ಕೈತೋರಿ, "ಇವನಿಗೆ ನೀವಾದ್ರೂ ಬುದ್ಧಿ ಹೇಳಿ ಡಾಕ್ಟ್ರೇ. ಹಲಗೆ ಮೇಲೆ ನಿಂತ್ಕೊಂಡು ಹೊಳೆಗೆ ಇಳೀತಾನಂತೆ" ಎಂದರು. ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವನು. ಸಹೋದ್ಯೋಗಿಗಳೊಡನೆ ಮೂಲ್ಕಿಗೆ ಹೋಗುವ ಯೋಜನೆ ಹಾಕಿದ್ದ. ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದ: ತೆಂಗಿನ ತೋಪಿನ ನಡುವೆ ಶಾಂತವಾದ ನದಿ, ಅದರ ಮೇಲೆ ಉದ್ದನೆಯ ಹಲಗೆ, ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತಿರುವ ಯುವತಿ.

"ಈಜು ಬರುತ್ತದೆಯೇನಪ್ಪ?" ಎಂದು ಕೇಳಿದೆವು.

"ಇಲ್ಲ ಸರ್, ಜಾಕೆಟ್ ಕೊಡ್ತಾರಲ್ಲ" ಎಂದು ನಕ್ಕ.

ತಾಯಿ ನಗಲಿಲ್ಲ. ಆಕೆಯ ತಮ್ಮ ಬಾಲ್ಯದಲ್ಲಿಯೇ ಬಾವಿಯ ಪಾಲಾದುದನ್ನು ನಾವು ಬಲ್ಲೆವು. ಮಗನ ಉತ್ಸಾಹವೂ ಸರಿ, ತಾಯಿಯ ಭಯವೂ ಸರಿ. ಇವೆರಡರ ನಡುವೆ ಇರಬೇಕಾದ ಒಂದು ಮೆಟ್ಟಿಲು ಮಾತ್ರ ಕಾಣೆಯಾಗಿದೆ. ಅಂದು ಅವರಿಗೆ ಹೇಳಿದುದನ್ನೇ ಈ ಸಂಚಿಕೆಯಲ್ಲಿ ವಿಸ್ತರಿಸಿ ಓದುಗರ ಮುಂದಿಡುತ್ತಿದ್ದೇವೆ.

ಏನಿದು ಹಲಗೆಯಾಟ?

ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್ ಎಂಬುದು ಈ ಆಟದ ಹೆಸರು. ಸುಮಾರು 10ರಿಂದ 11 ಅಡಿ ಉದ್ದದ, ಎರಡೂವರೆ ಅಡಿಗಿಂತ ತುಸು ಹೆಚ್ಚು ಅಗಲದ ತೇಲುವ ಹಲಗೆಯ ಮೇಲೆ ನಿಂತು, ಆಳೆತ್ತರವನ್ನು ಮೀರಿದ ಒಂದೇ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಮುಂದೆ ಸಾಗುವುದು ಇದರ ಕ್ರಮ. ಇಂದಿನ ರೂಪದಲ್ಲಿ ಇದು ಹವಾಯಿ ದ್ವೀಪಗಳಿಂದ ಲೋಕಕ್ಕೆ ಹಬ್ಬಿತು. ಆದರೆ ತೇಲುವ ವಸ್ತುವಿನ ಮೇಲೆ ನಿಂತು ನೀರು ದಾಟುವುದು ನಮಗೆ ಹೊಸತಲ್ಲ. ತೆಪ್ಪ, ಹರಿಗೋಲುಗಳು ನಮ್ಮ ನದಿಗಳಷ್ಟೇ ಹಳೆಯವು. ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸುವುದನ್ನೇ ಕಾಯಕವಾಗಿ ಹಿಡಿದವರು. ತುಂಗಭದ್ರೆಯ ದಡದ ಚೌಡದಾನಪುರ ಇಂದಿಗೂ ಅವರ ಹೆಸರನ್ನು ನೆನಪಿಸುತ್ತದೆ. ಅಂದು ಹೊಟ್ಟೆಪಾಡಿನ ಕಾಯಕವಾಗಿದ್ದುದು ಇಂದು ಬಿಡುವಿನ ವೇಳೆಯ ವಿನೋದವಾಗಿ ಮರಳಿದೆ.

ಕರ್ನಾಟಕದಲ್ಲಿ ಈ ಆಟದ ತವರು ಕರಾವಳಿಯ ಮೂಲ್ಕಿ. ಅಮೆರಿಕ ಮೂಲದ ಸನ್ಯಾಸಿಯೊಬ್ಬರು ಅಲ್ಲಿಯ ಆಶ್ರಮದ ಆಶ್ರಯದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಕಟ್ಟಿದರು. ಜಪ, ಧ್ಯಾನಗಳ ಜೊತೆಗೆ ಅಲೆಯಾಟವೂ ಅಲ್ಲಿ ದಿನಚರಿಯ ಭಾಗವಾಯಿತು. ಶಾಂಭವಿ ನದಿಯ ಹಿನ್ನೀರು ನಿಂತು ಹುಟ್ಟು ಹಾಕುವ ಆಟಕ್ಕೂ ಒದಗಿತು. ಅದೇ ಊರಿನ ತನ್ವಿ ಜಗದೀಶ್ ಅವರು ಈ ಕ್ರೀಡೆಯಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಸ್ಪರ್ಧಿಸಿ ದೇಶಕ್ಕೆ ಹೆಸರು ತಂದರು. ಸಮೀಪದ ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲನ್ನು ಸೇರುತ್ತವೆ. 2024ರ ಮಾರ್ಚ್ ತಿಂಗಳಲ್ಲಿ ಅಲ್ಲಿ ನಡೆದ ಸ್ಪರ್ಧೆಗೆ ಹಲವು ದೇಶಗಳ ಪಟುಗಳು ಬಂದಿದ್ದರು. ಬಯಲುಸೀಮೆಯ ತರುಣರು ವಾರಾಂತ್ಯದಲ್ಲಿ ಘಟ್ಟ ಇಳಿದು ಹೋಗುವುದು ಈಗ ಸಾಮಾನ್ಯವಾಗಿದೆ.

ಶರೀರಕ್ಕೆ ಆಗುವ ಉಪಕಾರ

ಶರೀರಕ್ಕೆ ಸ್ಥಿರತೆಯನ್ನು ತಂದು ಬಲವನ್ನು ಹೆಚ್ಚಿಸುವ ಚೇಷ್ಟೆಯೇ ವ್ಯಾಯಾಮ ಎಂಬುದು ಚರಕಾಚಾರ್ಯರ ಅಭಿಪ್ರಾಯ. ಬಲಕ್ಕಿಂತ ಮೊದಲು ಅವರು ಸ್ಥಿರತೆಯನ್ನು ಹೇಳಿರುವುದು ಗಮನಾರ್ಹ. ಹಲಗೆಯ ಮೇಲೆ ನಿಂತವನಿಗೆ ಈ ಮಾತಿನ ಅರ್ಥ ಕ್ಷಣದಲ್ಲಿಯೇ ಮನದಟ್ಟಾಗುತ್ತದೆ. ನಾವು ನೆಟ್ಟಗೆ ನಿಲ್ಲಲು ಮೂರು ಮೂಲಗಳಿಂದ ಮಿದುಳಿಗೆ ಸುದ್ದಿ ಮುಟ್ಟುತ್ತಿರುತ್ತದೆ: ಕಣ್ಣಿನಿಂದ, ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಿಂದ, ಪಾದ ಮತ್ತು ಕೀಲುಗಳ ಸಂವೇದನೆಯಿಂದ. ಗಟ್ಟಿನೆಲದ ಮೇಲೆ ಈ ವ್ಯವಸ್ಥೆಗೆ ಹೆಚ್ಚಿನ ಕೆಲಸವಿಲ್ಲ. ತೇಲುವ ಹಲಗೆಯ ಮೇಲೆ ಮಾತ್ರ ಪಾದದ ಸಣ್ಣ ಸ್ನಾಯುಗಳಿಂದ ಮೊದಲ್ಗೊಂಡು ತೊಡೆ, ಸೊಂಟ, ಹೊಟ್ಟೆ, ಬೆನ್ನುಗಳವರೆಗೆ ಎಲ್ಲವೂ ಬಿಡುವಿಲ್ಲದೆ ಶರೀರವನ್ನು ಸರಿಪಡಿಸುತ್ತಿರಬೇಕಾಗುತ್ತದೆ.

ಆಸ್ಟ್ರೇಲಿಯದ ಸಂಶೋಧಕರು ಹಿಂದೆ ಅಭ್ಯಾಸವಿಲ್ಲದ ಒಂದು ಸಣ್ಣ ಗುಂಪಿಗೆ ಆರು ವಾರ ಈ ಆಟವನ್ನು ಕಲಿಸಿ, 2016ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಅವರ ಉಸಿರಾಟ ಮತ್ತು ಹೃದಯದ ಕ್ಷಮತೆ, ಮುಂಡದ ಸ್ನಾಯುಗಳ ತಾಳಿಕೆ ಎರಡೂ ಉತ್ತಮಗೊಂಡಿದ್ದವು. ದಿನವಿಡೀ ಕುರ್ಚಿಯಲ್ಲಿ ಕುಳಿತು ಸೊಂಟ ಸೋತ ತರುಣರಿಗೆ ಇದು ಒಳ್ಳೆಯ ಸುದ್ದಿಯೇ. ಮನಸ್ಸಿಗೂ ಲಾಭವುಂಟು. ಹಲಗೆಯ ಮೇಲೆ ನಿಂತವನು ಮೊಬೈಲನ್ನು ನೋಡಲಾರ, ನಾಳೆಯ ಚಿಂತೆಯನ್ನು ಮಾಡಲಾರ. ಚಿತ್ತ ಅತ್ತಿತ್ತ ಹರಿದೊಡನೆ ನೀರಿಗೆ ಬೀಳುತ್ತಾನೆ.

ನಮ್ಮ ಸೀಮೆ ಮರೆತ ವಿದ್ಯೆ

ಇಷ್ಟು ಗುಣಗಳಿದ್ದರೂ ಆ ಯುವಕನಿಗೆ ನಾವು ಒಪ್ಪಿಗೆ ಕೊಡಲಿಲ್ಲ. ಕಾರಣ ಹಲಗೆಯಲ್ಲ, ಈಜು.

ಪಿನಾಕಿನಿ, ಚಿತ್ರಾವತಿ, ಅರ್ಕಾವತಿಗಳು ಹುಟ್ಟುವುದು ನಮ್ಮ ನಂದಿಬೆಟ್ಟಗಳ ಆಸುಪಾಸಿನಲ್ಲಿಯೇ. ಆದರೂ ವರ್ಷವಿಡೀ ಹರಿಯುವ ಒಂದು ಹೊಳೆಯೂ ನಮ್ಮ ಜಿಲ್ಲೆಯಲ್ಲಿಲ್ಲ. ಹಿಂದೆ ಆ ಕೊರತೆಯನ್ನು ತುಂಬಿದವು ತೆರೆದ ಬಾವಿಗಳು. ನಮ್ಮ ವಯಸ್ಸಿನವರೆಲ್ಲ ಈಜು ಕಲಿತುದು ಅಲ್ಲಿಯೇ. ಸೊಂಟಕ್ಕೆ ಸೋರೆಬುರುಡೆಯನ್ನೋ ಕತ್ತಾಳೆಯ ಬೆಂಡನ್ನೋ ಕಟ್ಟಿ ಹಿರಿಯರು ನೀರಿಗೆ ಇಳಿಸುತ್ತಿದ್ದರು. ಬೇಸಗೆ ಮುಗಿಯುವುದರೊಳಗೆ ಬೆಂಡು ಕಳಚುತ್ತಿತ್ತು, ಕೈಕಾಲು ಆಡುತ್ತಿತ್ತು. ಮುಂದೆ ಕೊಳವೆಬಾವಿಗಳು ಬಂದವು, ಅಂತರ್ಜಲ ಸಾವಿರ ಅಡಿಗೂ ಕೆಳಕ್ಕೆ ಇಳಿಯಿತು, ತೆರೆದ ಬಾವಿಗಳು ಬತ್ತಿ ಕಸದ ಗುಂಡಿಗಳಾದವು. ಬಾವಿಯೊಡನೆ ಆ ಪಾಠಶಾಲೆಯೂ ಮುಚ್ಚಿತು. ಒಂದು ಇಡೀ ತಲೆಮಾರು ನೀರನ್ನು ನಲ್ಲಿಯಲ್ಲಿ ಮಾತ್ರ ಕಂಡು ಬೆಳೆಯಿತು.

ಈಗ ನೀರು ಬೇರೆ ದಾರಿಯಿಂದ ಮರಳಿದೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಕೃಷಿಹೊಂಡಗಳು ಎದ್ದಿವೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ಸೀಮೆಯ ಕೆರೆಗಳಿಗೂ, ತರುವಾಯ ಹೆಬ್ಬಾಳ-ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೂ ಹರಿಯುತ್ತಿದೆ. ನೀರು ಮರಳಿತು, ಈಜು ಮರಳಲಿಲ್ಲ. ಕೃಷಿಹೊಂಡದ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಎಷ್ಟು ಜಾರುವುದೆಂದರೆ, ಬಿದ್ದವರಿಗೆ ಮೇಲೇರಲು ಹಿಡಿತವೇ ದೊರೆಯದು. ಹೊಂಡದ ಸುತ್ತ ಬೇಲಿ, ಒಳಗೆ ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ, ನೀರಿನ ಮೇಲೆ ತೇಲುವ ಗಾಳಿ ತುಂಬಿದ ಟ್ಯೂಬು, ಇಷ್ಟನ್ನು ಪ್ರತಿಯೊಬ್ಬ ರೈತಬಂಧುವೂ ಇಂದೇ ಮಾಡಿಸಬೇಕೆಂದು ಪ್ರಾರ್ಥಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಮೃತಪಟ್ಟರು. ಅವರಲ್ಲಿ ಸುಮಾರು ಕಾಲುಭಾಗ ಐದು ವರ್ಷದೊಳಗಿನ ಕೂಸುಗಳು.

ಆದುದರಿಂದ ನಮ್ಮ ನಿಯಮ ಇಷ್ಟೇ: ಮೊದಲು ಈಜು, ಆಮೇಲೆ ಹಲಗೆ. ನಿಲ್ಲದೆ 50 ಮೀಟರ್ ಈಜುವ, ಐದು ನಿಮಿಷ ಬೆನ್ನಿನ ಮೇಲೆ ತೇಲುವ ಶಕ್ತಿ ಬಂದ ಮೇಲೆ ಹಲಗೆ ಏರಿರಿ. ಜಾಕೆಟ್ ತೇಲಿಸುತ್ತದೆ ನಿಜ, ಆದರೆ ನೀರಿಗೆ ಬಿದ್ದಾಗ ಮೂಗು ಬಾಯಿಗೆ ನೀರು ಹೊಕ್ಕು ಹುಟ್ಟುವ ಗಾಬರಿಯನ್ನು ಅದು ಕಳೆಯದು. ಗಾಬರಿ ಕಳೆಯುವುದು ಅಭ್ಯಾಸದಿಂದ ಮಾತ್ರ.

ಹಲಗೆ ಏರುವವರಿಗೆ

ಈಜು ಬಲ್ಲವರೂ ಜಾಕೆಟ್ ತೊಡಲೇಬೇಕು. ಹಲಗೆಗೂ ಶರೀರಕ್ಕೂ ಬಿಗಿಯುವ ಹಗ್ಗವನ್ನು ಬಿಚ್ಚಬಾರದು. ಬಿದ್ದರೆ ಹಲಗೆಯೇ ನಿಮ್ಮ ದೊಡ್ಡ ಆಸರೆ, ಅದನ್ನು ಬಿಟ್ಟು ದಡಕ್ಕೆ ಈಜಲು ಹೋಗಬೇಡಿ. ರಭಸದ ಹರಿವಿರುವೆಡೆ ಕಾಲಿಗೆ ಕಟ್ಟಿದ ಹಗ್ಗ ಕೊಂಬೆಗೆ ಸಿಕ್ಕಿಕೊಳ್ಳಬಹುದು. ಅಂತಹ ನೀರು ಹೊಸಬರಿಗೆ ಸಲ್ಲದು. ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೆಳೆತ ಕಡಲಿನತ್ತ ಇರುತ್ತದೆ. ತರಬೇತುದಾರರನ್ನು ಕೇಳದೆ ಇಳಿಯಬಾರದು.

ಮೊದಲು ಮಂಡಿಯೂರಿ ಹುಟ್ಟು ಹಾಕಿರಿ. ಹಿಡಿತ ಬಂದ ಮೇಲೆ ಹಲಗೆಯ ನಡುವೆ, ಭುಜದಷ್ಟು ಅಂತರದಲ್ಲಿ ಪಾದಗಳನ್ನು ಸಮಾನವಾಗಿ ಊರಿ, ಮಂಡಿಯನ್ನು ತುಸು ಬಾಗಿಸಿ ನಿಲ್ಲಿರಿ. ನೋಟ ಪಾದದ ಮೇಲಲ್ಲ, ದೂರದ ದಡದ ಮೇಲಿರಲಿ. ತೋಳಿನಿಂದ ಎಳೆಯದೆ ಸೊಂಟದಿಂದ ತಿರುಗಿ ಎಳೆಯಿರಿ, ಇಲ್ಲವಾದರೆ ಭುಜ ನೋಯುತ್ತದೆ. ಬೀಳುವುದಾದರೆ ಹಲಗೆಯಿಂದ ಆಚೆಗೆ, ನೀರಿನ ಮೇಲೆ ಅಗಲವಾಗಿ ಬೀಳಿರಿ. ತಲೆ ಮುಂದಾಗಿ ಧುಮುಕಬೇಡಿ.

ಬಲಶಾಲಿಯೂ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂಬುದು ಶಾಸ್ತ್ರದ ಕಟ್ಟಳೆ. ಹಣೆಯಲ್ಲಿ, ಕಂಕುಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧ ಶಕ್ತಿ ಮುಗಿಯಿತೆಂದು ತಿಳಿದು ದಡಕ್ಕೆ ಮರಳಬೇಕು. ಚಳಿಗಾಲ ಮತ್ತು ವಸಂತ ಇದಕ್ಕೆ ಪ್ರಶಸ್ತ. ಮಳೆಗಾಲದಲ್ಲಿ ಕರಾವಳಿಯ ನೀರು ತಾನೇ ಬೇಡವೆನ್ನುತ್ತದೆ. ಊಟವಾಗಿ ಎರಡು ಗಂಟೆ ಕಳೆದಿರಲಿ, ಎಳೆಬಿಸಿಲಿನ ಹೊತ್ತಾಗಿರಲಿ. ಎಣ್ಣೆಯ ಅಭ್ಯಂಗವನ್ನು ಆಟದ ಹಿಂದಿನ ದಿನ ಮಾಡಿಕೊಳ್ಳಿರಿ. ಎಣ್ಣೆಗಾಲಿನಲ್ಲಿ ಹಲಗೆ ಏರಿದವರು ಜಾರದೆ ಇರಲಾರರು.

ಮೂರ್ಛೆರೋಗ, ತಲೆಸುತ್ತು, ಕಿವಿ ಸೋರುವಿಕೆ, ಹತೋಟಿಯಿಲ್ಲದ ರಕ್ತದೊತ್ತಡ, ಹೃದ್ರೋಗ ಉಳ್ಳವರು, ಗರ್ಭಿಣಿಯರು, ನಿದ್ದೆ ಬರಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇಳಿಯಬಾರದು. ನಮ್ಮೂರ ಕೆರೆಗಳಲ್ಲಿ ಈ ಆಟ ಬೇಡ. ಹೂಳೆತ್ತಿದ ಗುಂಡಿಗಳ ಆಳ ಮೇಲಿನಿಂದ ತಿಳಿಯದು, ಕಣಿವೆಯ ನೀರು ಮೈಗೂ ಕಿವಿಗೂ ಹಿತವಲ್ಲ, ಕಾಪಾಡುವವರೂ ಅಲ್ಲಿಲ್ಲ.

ಯಾರಾದರೂ ಮುಳುಗುತ್ತಿದ್ದರೆ ಹಗ್ಗ, ಸೀರೆ, ಕೋಲು ಚಾಚಿರಿ. ಈಜು ಬಾರದೆ ಧುಮುಕಿದರೆ ಒಂದರ ಬದಲು ಎರಡು ಜೀವ ಹೋಗುತ್ತವೆ. ಮೇಲೆತ್ತಿದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದು ಹಳೆಯ ತಪ್ಪುಗಳು. ಉಸಿರಿಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆಯನ್ನು ಒತ್ತುತ್ತಿರಬೇಕು. ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಬೇಕು.

ನೆಲದ ಮೇಲಿನ ಹಲಗೆ

ಹಿರಿಯರು ಕೇಳಬಹುದು: ನಮಗೇನು ಪ್ರಯೋಜನ? ಮುಪ್ಪು ವಾತದ ಕಾಲ, ಅಸ್ಥಿರತೆ ವಾತದ ಗುಣ. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ನಡೆದಾಡಲಿಲ್ಲ. ಬ್ರೆಜಿಲಿನಲ್ಲಿ 51ರಿಂದ 75 ವರ್ಷದ 1,702 ಮಂದಿಯನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಹತ್ತು ಸೆಕೆಂಡು ಒಂಟಿಗಾಲಿನಲ್ಲಿ ನಿಲ್ಲಲಾರದವರಲ್ಲಿ ಮರಣದ ಪ್ರಮಾಣ ಹೆಚ್ಚಾಗಿತ್ತು. ಒಂಟಿಗಾಲು ಆಯುಷ್ಯವನ್ನು ಕೊಡುತ್ತದೆಂದು ಇದರ ಅರ್ಥವಲ್ಲ. ಸಮತೋಲ ಇಡೀ ಶರೀರದ ಆರೋಗ್ಯದ ಕನ್ನಡಿ ಎಂದಷ್ಟೇ ಅರ್ಥ.

ಅಡುಗೆಮನೆಯ ಕಟ್ಟೆಯನ್ನು ಹಿಡಿದು, ಬರಿಗಾಲಿನಲ್ಲಿ, ಒಂದೊಂದು ಕಾಲಿನ ಮೇಲೆ ಹತ್ತು ಸೆಕೆಂಡು ನಿಲ್ಲಿರಿ. ಎರಡು ವಾರದ ಬಳಿಕ ಕಟ್ಟೆಗೆ ಬೆರಳು ಮಾತ್ರ ತಾಗಿರಲಿ. ಅನಂತರ ಗೋಡೆಯ ಪಕ್ಕದಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ದಿನಕ್ಕೆ ಐದು ನಿಮಿಷ ಸಾಕು. ರಾತ್ರಿ ಪಾದಕ್ಕೆ ಎಳ್ಳೆಣ್ಣೆ ತಿಕ್ಕಿ, ಒರೆಸಿಕೊಂಡೇ ಮಂಚದಿಂದ ಇಳಿಯಿರಿ.

ಆ ಯುವಕ ಬೆಂಗಳೂರಿನ ಈಜುಕೊಳವೊಂದಕ್ಕೆ ಸೇರಿದ್ದಾನೆ. ಮೂಲ್ಕಿಗೆ ಇನ್ನೂ ಹೋಗಿಲ್ಲ. ಮಂಡಿನೋವು ಇಳಿದ ಮೇಲೆ ತಾಯಿ ಕಟ್ಟೆ ಹಿಡಿದು ನಿಲ್ಲುತ್ತಿದ್ದಾರೆ. ಮೊನ್ನೆ ಬಂದಾಗ, "ಅವನು ತೇಲೋದನ್ನ ಒಂದ್ಸಲ ಕಣ್ಣಾರೆ ನೋಡಿದ್ ಮೇಲೆ ಕಳಿಸ್ತೀನಿ ಡಾಕ್ಟ್ರೇ" ಎಂದರು. ಅದಕ್ಕಿಂತ ಉತ್ತಮವಾದ ಅರ್ಹತಾಪತ್ರವನ್ನು ನಾವು ಕೊಡಲಾರೆವು. ಬರುವ ಬೇಸಗೆಯ ರಜೆಯಲ್ಲಿ ನಿಮ್ಮ ಮನೆಯ ಮಕ್ಕಳಿಗೂ, ನಂಬುಗೆಯ ಹಿರಿಯರೊಬ್ಬರ ಕಾವಲಿನಲ್ಲಿ, ಈಜಿನ ಮೊದಲ ಪಾಠವಾಗಲಿ.