ನಗದೆಯೇ ನಗಿಸಿದ ಕೀಟನ್

ಬಿರುಗಾಳಿಗೆ ಮನೆಯ ಮುಂಗೋಡೆ ಇಡಿಯಾಗಿ ಒಬ್ಬನ ಮೇಲೆ ಬೀಳುತ್ತದೆ. ಆದರೆ ಆತ ಅಪ್ಪಚ್ಚಿಯಾಗುವುದಿಲ್ಲ. ಆತ ನಿಂತ ಜಾಗಕ್ಕೆ ಸರಿಯಾಗಿ ಮಹಡಿಯ ತೆರೆದ ಕಿಟಕಿ ಬಂದಿರುತ್ತದೆ! 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಎಂಬ ಅಮೆರಿಕದ ಮೂಕಿಚಿತ್ರದ ಈ ದೃಶ್ಯದಲ್ಲಿ ಕ್ಯಾಮೆರಾದ ಕೈಚಳಕವಿಲ್ಲ. ಗೋಡೆಯೂ ನಿಜ, ಅಲ್ಲಿ ನಿಂತ ನಟ ಬಸ್ಟರ್ ಕೀಟನ್ ಕೂಡ ನಿಜ.

ಇಲ್ಲಿರುವುದು ಹೈಸ್ಕೂಲಿನ ರೇಖಾಗಣಿತ. ಬುಡ ಕದಲದಂತೆ ಬೀಳುವ ಗೋಡೆಯಲ್ಲಿ ಕಿಟಕಿ 12 ಅಡಿ ಎತ್ತರದಲ್ಲಿದ್ದರೆ, ಬಿದ್ದಾಗ ಅದು ಬುಡದಿಂದ 12 ಅಡಿ ದೂರದಲ್ಲಿರುತ್ತದೆ. ಆದರೆ ಕಿಟಕಿ ನೇರವಾಗಿ ಇಳಿಯದೆ ಕಂಸದಲ್ಲಿ ಇಳಿಯುವುದರಿಂದ ತಲೆ, ಹೆಗಲುಗಳೂ ಪಾರಾಗುವಷ್ಟು ಅಗಲ ಬೇಕು. ಕೀಟನ್‌ಗೆ ಉಳಿದದ್ದು ಕೆಲವೇ ಅಂಗುಲ. (ಮಕ್ಕಳು ಇದನ್ನು ರಟ್ಟಿನಲ್ಲಿ ಮಾತ್ರ ಮಾಡಿ ನೋಡುವುದು ಲೇಸು.)

1895ರಲ್ಲಿ ಕಾನ್ಸಾಸ್‌ನಲ್ಲಿ ಹುಟ್ಟಿದ ಕೀಟನ್ ರಂಗದ ಮೇಲೆ ಅಪ್ಪ ಎತ್ತಿ ಎಸೆಯುತ್ತಿದ್ದ ಮಗು. ತಾನು ನಗದಿದ್ದರೆ ಜನ ಹೆಚ್ಚು ನಗುತ್ತಾರೆಂದು ಆಗಲೇ ಕಂಡುಕೊಂಡಿದ್ದ. 1924ರ ‘ಶೆರ್ಲಾಕ್ ಜೂನಿಯರ್’ ಚಿತ್ರೀಕರಣದಲ್ಲಿ ರೈಲ್ವೆ ತೊಟ್ಟಿಯ ನೀರು ಧುಮ್ಮಿಕ್ಕಿ ಕತ್ತಿನ ಮೂಳೆ ಮುರಿಯಿತು. ಅದು ಗೊತ್ತಾದದ್ದು ವರ್ಷಗಳ ನಂತರ, ಎಕ್ಸ್‌ರೇಯಲ್ಲಿ!

ಮಾತಿನ ಚಿತ್ರ ಬಂದು ಕೀಟನ್ ಮೂಲೆಗುಂಪಾದ ಎನ್ನುತ್ತಾರೆ. ಅದು ಪೂರ್ತಿ ನಿಜವಲ್ಲ. ದನಿ ಚೆನ್ನಾಗಿಯೇ ಇತ್ತು, ಮೊದಲ ಮಾತಿನ ಚಿತ್ರಗಳು ಹಣವನ್ನೂ ತಂದವು. 1928ರಲ್ಲಿ ಸ್ವಾತಂತ್ರ್ಯ ಬಿಟ್ಟು ಎಂ.ಜಿ.ಎಂ. ಕಂಪನಿಯ ಸಂಬಳದ ನಟನಾದದ್ದೇ ಮುಳುವಾಯಿತು. ಕಥೆಯಾಗಲಿ ಸಾಹಸವಾಗಲಿ ಆತನ ಕೈಯಲ್ಲಿ ಉಳಿಯಲಿಲ್ಲ. ಕುಡಿತ ಹತ್ತಿತು, 1933ರಲ್ಲಿ ಕಂಪನಿ ಹೊರಹಾಕಿತು. ಮುಂದೆ ಅಲ್ಲೇ ಬೇರೆಯವರ ಚಿತ್ರಗಳಿಗೆ ನಗೆಪ್ರಸಂಗ ಹೆಣೆದುಕೊಡುವ ಕೆಲಸ ಮಾಡಿದ.

1965ರಲ್ಲಿ ವೆನಿಸ್ ಚಿತ್ರೋತ್ಸವದ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುವರ್ಷ ಫೆಬ್ರವರಿಯಲ್ಲಿ ಕೀಟನ್ ತೀರಿಕೊಂಡ.