ಧೂಳು ಹೊದ್ದು ಮಲಗಿದ್ದ ಗಾಡಿಗಳು

2014ರಲ್ಲಿ ಒಂದು ದಿನ ಪ್ಯಾರಿಸ್ ನಗರದ ಹರಾಜು ಸಂಸ್ಥೆಯೊಂದರ ಇಬ್ಬರು ತಜ್ಞರು ಪಶ್ಚಿಮ ಫ್ರಾನ್ಸಿನ ಒಂದು ಹಳ್ಳಿಗಾಡಿನ ಮನೆಗೆ ಬಂದಿಳಿದರು. ತಾತನ ಕಾಲದ ಕೆಲವು ಕಾರುಗಳಿವೆ, ಬಂದು ನೋಡಬೇಕು ಎಂದು ಆ ಮನೆಯವರು ಕೇಳಿಕೊಂಡಿದ್ದರು. ಇಂಥ ಕರೆಗಳು ಹರಾಜಿನವರಿಗೆ ಹೊಸವಲ್ಲ. ಬಹುಪಾಲು ಸಲ ಅಲ್ಲಿ ಕಾಣಸಿಗುವುದು ಗುಜರಿಗೆ ಹಾಕಬೇಕಾದ ಸರಕೇ. ಆದರೆ ತಗಡಿನ ಮಾಡಿನ ತಗ್ಗು ಕೊಟ್ಟಿಗೆಗಳೊಳಗೆ ಇಣುಕಿದ ಆ ಇಬ್ಬರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಬುಗಾಟಿ, ಹಿಸ್ಪಾನೊ-ಸುಯಿಜಾ, ಟಾಲ್ಬೊ-ಲಾಗೊ ಮೊದಲಾದ ಹೆಸರಾಂತ ಗಾಡಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಕೆಲವಕ್ಕೆ ಬಳ್ಳಿಗಳು ಹಬ್ಬಿದ್ದವು; ಕೆಲವು ತುಕ್ಕು ತಿಂದು ಜರಡಿಯಾಗಿದ್ದವು. ಎಣಿಸಿದಾಗ ಅವುಗಳ ಸಂಖ್ಯೆ ಸುಮಾರು 60.

ಬೇರೊಂದು ಗ್ಯಾರೇಜಿನಲ್ಲಿ ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ಒಂದು ಗಾಡಿ ಅಡಗಿತ್ತು. ಪತ್ರಿಕೆಗಳನ್ನು ಸರಿಸಿದಾಗ ಕಂಡದ್ದು 1961ರ ಫೆರಾರಿ. ಹಿಂದೆ ಅದು ಫ್ರಾನ್ಸಿನ ಪ್ರಸಿದ್ಧ ಚಿತ್ರನಟ ಅಲೈನ್ ಡೆಲಾನ್ ಅವರ ಬಳಿ ಇದ್ದುದಾಗಿತ್ತು. ಅದರ ಪಕ್ಕದಲ್ಲಿಯೇ ಒಂದು ಅಪೂರ್ವವಾದ ಮಸೆರಾಟಿ ನಿಂತಿತ್ತು.

ಇವನ್ನೆಲ್ಲ ಕೂಡಿಟ್ಟವರು ರೋಜರ್ ಬೈಯೋ ಎಂಬ ಸಾರಿಗೆ ಉದ್ಯಮಿ. ಅವರಿಗೆ ಕಾರಿನ ಹುಚ್ಚು ಎಷ್ಟಿತ್ತೆಂದರೆ, ತಾವೇ ಒಂದು ಕಾರನ್ನು ಕಟ್ಟಿ 1947ರ ಪ್ಯಾರಿಸ್ ಪ್ರದರ್ಶನದಲ್ಲಿ ಇರಿಸಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಹಳೆಯ ಕಾಲದ ಭಾರಿ ಗಾಡಿಗಳು ಯಾರಿಗೂ ಬೇಡವಾದವು. ಅವು ಪೆಟ್ರೋಲನ್ನು ಕುಡಿಯುತ್ತಿದ್ದವು. ಅವನ್ನು ನಿಲ್ಲಿಸಲು ಸ್ಥಳವೂ ಬಹಳ ಬೇಕಾಗುತ್ತಿತ್ತು. ಒಡೆಯರು ಅವನ್ನು ಕಬ್ಬಿಣದ ಬೆಲೆಗೆ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಹಾಗೆ ಗುಜರಿಯ ಪಾಲಾಗುತ್ತಿದ್ದ ಗಾಡಿಗಳನ್ನು ಬೈಯೋ ಒಂದೊಂದಾಗಿ ಕೊಂಡು ತಂದರು. ಎಲ್ಲವನ್ನೂ ದುರಸ್ತಿ ಮಾಡಿಸಿ ಒಂದು ವಸ್ತುಸಂಗ್ರಹಾಲಯವನ್ನು ತೆರೆಯಬೇಕೆಂಬುದು ಅವರ ಕನಸು. ಆದರೆ 1970ರ ದಶಕದಲ್ಲಿ ಅವರ ಉದ್ಯಮ ಮುರಿದುಬಿದ್ದಿತು. ಸುಮಾರು 50 ಗಾಡಿಗಳನ್ನು ಮಾರಿ ಸಾಲ ತೀರಿಸಬೇಕಾಯಿತು. ಉಳಿದವು ನಿಂತಲ್ಲೇ ನಿಂತವು. ನಾಶದಿಂದ ತಪ್ಪಿಸಿ ತಂದವರ ಕೊಟ್ಟಿಗೆಯಲ್ಲಿಯೇ ಅವು ನಿಧಾನವಾಗಿ ನಾಶವಾಗತೊಡಗಿದುದು ವಿಧಿಯ ವಿಚಿತ್ರವೇ ಸರಿ.

ನಿಂತ ಗಾಡಿ ಸವೆಯುವುದಿಲ್ಲವೆಂದು ಜನ ತಿಳಿಯುತ್ತಾರೆ. ವಾಸ್ತವವಾಗಿ, ಓಡುವ ಗಾಡಿಗಿಂತ ನಿಂತ ಗಾಡಿಗೇ ಶತ್ರುಗಳು ಹೆಚ್ಚು. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ನು ಮೇಲೆ ಕೆಳಗೆ ಚಲಿಸುತ್ತದೆ. ಎರಡರ ನಡುವೆ ತೆಳುವಾದ ಎಣ್ಣೆಯ ಪದರವೊಂದು ಕಾವಲಿರುತ್ತದೆ. ವರ್ಷಗಳುರುಳಿದಂತೆ ಆ ಎಣ್ಣೆ ಜಾರಿ ಕೆಳಗಿಳಿಯುತ್ತದೆ. ಗಾಳಿಯ ತೇವ ಒಳಸೇರಿ, ಪಿಸ್ಟನ್ನಿಗೆ ತೊಡಿಸಿದ ಕಬ್ಬಿಣದ ಬಳೆಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಕಚ್ಚಿಕೊಳ್ಳುತ್ತವೆ. ತೊಟ್ಟಿಯಲ್ಲಿ ಉಳಿದ ಪೆಟ್ರೋಲು ಆವಿಯಾಗಿ, ತಳದಲ್ಲಿ ಅಂಟಿನಂಥ ಗಸಿಯನ್ನು ಬಿಡುತ್ತದೆ. ಅದು ಸಣ್ಣ ಸಣ್ಣ ಕೊಳವೆಗಳನ್ನೆಲ್ಲ ಕಟ್ಟಿಹಾಕುತ್ತದೆ. ರಬ್ಬರು ಬಿರಿಯುತ್ತದೆ. ವಿದ್ಯುತ್ ತಂತಿಗಳ ಹೊದಿಕೆಯನ್ನು ಇಲಿಗಳು ಕಡಿಯುತ್ತವೆ. ಅವುಗಳಿಗೆ ಸೀಟಿನೊಳಗಿನ ತುಂಬಣವಂತೂ ಸಿದ್ಧವಾದ ಬಾಣಂತಿಕೋಣೆ! ಇನ್ನೊಂದು ಸಂಗತಿ ಹಲವರಿಗೆ ತಿಳಿಯದು. ಆ ಕಾಲದ ಅನೇಕ ಕಾರುಗಳ ಮೈಯೊಳಗಿನ ಚೌಕಟ್ಟು ಮರದ್ದು. ಸಾರೋಟು ಕಟ್ಟುತ್ತಿದ್ದ ಬಡಗಿಗಳ ವಿದ್ಯೆಯೇ ಮೋಟಾರು ಗಾಡಿಗೂ ಇಳಿದು ಬಂದಿತ್ತು. ಹೊರಗಿನ ತಗಡು ಚೆನ್ನಾಗಿ ಕಂಡರೂ ಒಳಗಿನ ಮರ ಹುಳು ತಿಂದು ಹಿಟ್ಟಾಗಿರಬಹುದು. ಹಗ್ಗ ಕಟ್ಟಿ ಎಳೆದರೆ ಇಡೀ ಗಾಡಿ ಕುಸಿದೀತು.

ಆದುದರಿಂದ ಬಲ್ಲವರು ಅವಸರಪಡುವುದಿಲ್ಲ. ಮೊದಲು ಗಾಡಿಯನ್ನು ಕಂಡ ಸ್ಥಿತಿಯಲ್ಲಿಯೇ ಎಲ್ಲ ಕಡೆಯಿಂದ ಛಾಯಾಚಿತ್ರ ತೆಗೆಯುತ್ತಾರೆ. ಸುತ್ತ ಬಿದ್ದ ಮೊಳೆ, ಗುಂಡಿ, ದೀಪದ ಚೂರುಗಳನ್ನು ಆಯ್ದಿಡುತ್ತಾರೆ; ಕಸವೆಂದು ಎಸೆದ ಚೂರು ಎಂದೋ ಒಂದು ದಿನ ಬೇಕಾಗುತ್ತದೆ. ಎಂಜಿನ್ನನ್ನು ಚಾಲೂ ಮಾಡಿ ನೋಡುವ ಆಸೆ ಸಹಜವಾದರೂ ಅದನ್ನು ಹತ್ತಿಕ್ಕಬೇಕು, ಏಕೆಂದರೆ ಬಲವಂತದ ಒಂದು ತಿರುವಿಗೆ ಬಳೆಗಳು ಮುರಿಯುತ್ತವೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳ ಮೂಲಕ ತೆಳುವಾದ ಎಣ್ಣೆಯನ್ನು ಸುರಿದು, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯುತ್ತಾರೆ. ಬಳಿಕ ಕೈಯಿಂದ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೆರಳಗಲದಷ್ಟು ತಿರುಗಿಸಿ ನೋಡುತ್ತಾರೆ. ಅದು ಮಿಸುಕಿದ ಕ್ಷಣದ ಆನಂದವನ್ನು ಅನುಭವಿಸಿದವರೇ ಬಲ್ಲರು.

ಇಷ್ಟಾದ ಮೇಲೆ ನಿಜವಾದ ಜಿಜ್ಞಾಸೆ ಏಳುತ್ತದೆ. ಗಾಡಿಯನ್ನು ಹೊಸತರಂತೆ ಹೊಳೆಯಿಸಬೇಕೇ, ಕಂಡಂತೆಯೇ ಉಳಿಸಬೇಕೇ? ಬ್ರಿಟನ್ನಿನ ‘ಬ್ಯಾಬ್ಸ್’ ಎಂಬ ಗಾಡಿ ಮೊದಲನೆಯ ದಾರಿಗೆ ಸಾಕ್ಷಿ. ವಿಮಾನದ ಎಂಜಿನ್ ಹೊತ್ತಿದ್ದ ಅದು 1926ರಲ್ಲಿ ವೇಲ್ಸ್‌ನ ಪೆಂಡೈನ್ ಕಡಲತೀರದಲ್ಲಿ ಗಂಟೆಗೆ ಸುಮಾರು 275 ಕಿಲೋಮೀಟರ್ ವೇಗದಲ್ಲಿ ಓಡಿ ದಾಖಲೆ ಸ್ಥಾಪಿಸಿತ್ತು. ಮರುವರ್ಷ ಅದೇ ಮರಳಿನ ಮೇಲೆ ನಡೆದ ಅಪಘಾತದಲ್ಲಿ ಚಾಲಕ ಪ್ಯಾರಿ ಥಾಮಸ್ ಮಡಿದಾಗ ಗಾಡಿಯನ್ನು ಅಲ್ಲಿಯೇ ಹೂಳಲಾಯಿತು. 1969ರಲ್ಲಿ ಓವೆನ್ ವಿನ್ ಓವೆನ್ ಎಂಬ ಅಧ್ಯಾಪಕರು ಅದನ್ನು ಅಗೆದು ತೆಗೆಸಿ, ವರ್ಷಗಳ ಕಾಲ ದುಡಿದು ಮತ್ತೆ ಓಡುವಂತೆ ಮಾಡಿದರು. ಇದಕ್ಕೆ ಬೇರೆಯಾದುದು 1925ರ ಒಂದು ಬುಗಾಟಿಯ ಕಥೆ. ದಶಕಗಳ ಕಾಲ ಮಾಜೋರೆ ಸರೋವರದ ತಳದಲ್ಲಿದ್ದ ಅದನ್ನು 2009ರಲ್ಲಿ ಮೇಲೆತ್ತಲಾಯಿತು. ಅದನ್ನು ಕೊಂಡವರು ತುಕ್ಕಿನ ಸಮೇತ ಹಾಗೆಯೇ ಪ್ರದರ್ಶನಕ್ಕಿಟ್ಟರು. ಅವರು ಮಾಡಿದ್ದು ಸರಿಯೇ. ಅದನ್ನು ಓಡಿಸಲು ಹೊರಟಿದ್ದರೆ ಬಹುಪಾಲು ಭಾಗಗಳನ್ನು ಹೊಸದಾಗಿ ಮಾಡಿಸಬೇಕಾಗುತ್ತಿತ್ತು. ಆಗ ಹಳೆಯದೆಂದು ಉಳಿಯುತ್ತಿದ್ದುದು ಹೆಸರು ಮಾತ್ರ. ಒಮ್ಮೆ ಕೆರೆದು ತೆಗೆದ ಮೂಲಬಣ್ಣವನ್ನು ಯಾವ ಕುಶಲಕರ್ಮಿಯೂ ಮರಳಿ ತರಲಾರನು.

ಬೈಯೋ ಅವರ ಗಾಡಿಗಳನ್ನು ಪ್ಯಾರಿಸ್ಸಿಗೆ ಸಾಗಿಸಿದವರು ಈ ಎಚ್ಚರವನ್ನು ಮರೆಯಲಿಲ್ಲ. ಅವನ್ನು ತೊಳೆಯಲಿಲ್ಲ, ಬಣ್ಣ ಬಳಿಯಲಿಲ್ಲ; ಧೂಳು, ತುಕ್ಕುಗಳ ಸಹಿತವಾಗಿಯೇ ಪ್ರದರ್ಶನದಲ್ಲಿ ನಿಲ್ಲಿಸಿದರು. 2015ರ ಫೆಬ್ರವರಿ 6ರಂದು ಹರಾಜು ನಡೆಯಿತು. ಫೆರಾರಿಯೊಂದೇ 1.6 ಕೋಟಿ ಯೂರೊಗಳಿಗೂ ಮಿಗಿಲಾದ ಬೆಲೆಗೆ ಹೋಯಿತು. ಬೈಯೋ ಕಟ್ಟಬೇಕೆಂದಿದ್ದ ಸಂಗ್ರಹಾಲಯ ಕೊನೆಗೂ ಏಳಲಿಲ್ಲ. ಆದರೆ ಹರಾಜಿಗೆ ಮುನ್ನ ಕೆಲವು ದಿನ ಆ ಗಾಡಿಗಳು ಒಂದೇ ಸೂರಿನಡಿ ಸೇರಿದ್ದವು. ಜನ ಸುತ್ತ ನಿಂತು ಅವನ್ನು ನೋಡಿದರು. ಆಮೇಲೆ ಅವು ಹಲವು ಒಡೆಯರ ಪಾಲಾಗಿ ಚದುರಿಹೋದವು.